ಸ್ವಿಟ್ಜರ್ಲೆಂಡ್ ಬೇಡವೆಂದ ಮೇಲೆ

ಜಿದ್ದಾ: ಶುಕ್ರವಾರದ ಉಪಾಹಾರ

ಯುರೋಪಿಗೆ ಹೋಗುತ್ತಿದ್ದೇವೆ ಎಂದರೆ ಜಿದ್ದಾದಲ್ಲಿರುವ ನಮ್ಮ ಊರಿನವರಿಗೆ ಸಂತೋಷವಾಗುತ್ತದೆ. ಬೆಟ್ಟದಲ್ಲಿ ಸೈಕಲ್ ತುಳಿಯಲು ಹೋಗುತ್ತಿದ್ದೇವೆ ಎಂದು ಸೇರಿಸಿದರೆ ಅದೇ ಮುಖಗಳಲ್ಲಿ ಅನುಕಂಪ ಮೂಡುತ್ತದೆ. ಊರಿನಲ್ಲಿ ಹುಡುಗರು ಮೋಟಾರ್ ಬೈಕ್ ಕೊಂಡ ದಿನವೇ ಸೈಕಲ್ಲನ್ನು ಹಿತ್ತಲಿಗೆ ಸಾಗಿಸುತ್ತಾರೆ. ಗಲ್ಫಿಗೆ ಬಂದು, ಕಾರು ಕೊಂಡು, ಆಮೇಲೆ ಮತ್ತೆ ಸೈಕಲ್ಲಿಗೆ ಇಳಿದವರಿಗೆ ಏನೋ ತೊಂದರೆಯಾಗಿರಬೇಕು ಎಂಬುದು ಅವರ ತರ್ಕ.

ನಾನು ಇಲ್ಲಿನ ಬಂದರಿನ ಬಳಿ ಒಂದು ಸರಕು ಸಾಗಣೆ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಪತಿ ವಾಲ್ಟರ್ ರಾಬಿಗ್‌ನ ಒಂದು ಕಾರ್ಖಾನೆಯಲ್ಲಿ ತಂತ್ರಜ್ಞರು; ಗುರುವಾರ ಸಂಜೆ ಮನೆಗೆ ಬಂದು ಶನಿವಾರ ರಾತ್ರಿ ಹಿಂದಿರುಗುತ್ತಾರೆ. ನಡುವಿನ ಶುಕ್ರವಾರ ನಮ್ಮದು. ಬಿಸಿಲೇರುವ ಮೊದಲು ಕಡಲ ದಂಡೆಯ ಕಾರ್ನಿಶ್ ರಸ್ತೆಯಲ್ಲಿ ಹತ್ತಾರು ಜನ ಸೈಕಲ್ ತುಳಿದು, ಅಫ್ಘಾನಿಯೊಬ್ಬರ ಅಂಗಡಿಯ ಮುಂದಿನ ಬೆಂಚುಗಳಲ್ಲಿ ಕುಳಿತು, ತಂದೂರಿನಿಂದ ಆಗಷ್ಟೇ ತೆಗೆದ ತಮೀಸ್ ರೊಟ್ಟಿಯನ್ನು ಬೇಯಿಸಿದ ಕಾಳಿನ ಫೂಲ್‌ನಲ್ಲಿ ಅದ್ದಿಕೊಂಡು ತಿನ್ನುತ್ತೇವೆ. ಈ ಗುಂಪಿನ ಹಿರಿಯರು ಉಳ್ಳಾಲದ ಹನೀಫ್ ಭಾಯ್. ಬಲದ್ ಪೇಟೆಯಲ್ಲಿ ಅವರಿಗೆ ಪೆಟ್ಟಿಗೆ-ಸೂಟ್‌ಕೇಸ್‌ಗಳ ಅಂಗಡಿಯಿದೆ. ನಮ್ಮ ಯುರೋಪ್ ಪ್ರವಾಸದ ಸ್ಥಳ ನಿರ್ಣಯವಾದದ್ದು, ಅಥವಾ ಆಗದೆ ಉಳಿದದ್ದು, ಆ ಬೆಂಚುಗಳ ಮೇಲೆ.

“ಸ್ವಿಟ್ಜರ್ಲೆಂಡಿಗೆ ಹೋಗಿ ಮಾರಾಯ್ರೆ,” ಎಂದರು ಹನೀಫ್ ಭಾಯ್. “ಹಿಮದ ಎದುರು ನಿಂತು ಒಂದು ಫೋಟೊ. ಮುಗೀತು. ಸೈಕಲ್ ಬೇಕೇ ಬೇಕಾದ್ರೆ ಹೋಟೆಲಿನ ಸುತ್ತ ಒಂದು ರೌಂಡ್ ಹೊಡೀರಿ.”

“ನಾವು ಹೋಗುವುದು ಫೋಟೊಗಾಗಿ ಅಲ್ಲ, ಭಾಯ್.”

“ಮತ್ತೆ ಎಂತಕ್ಕೆ? ಬೆವರು ಸುರಿಸ್ಲಿಕ್ಕಾ? ಅದು ಇಲ್ಲಿ ಫ್ರೀ ಉಂಟಲ್ಲ!”

ಬೆಂಚು ನಕ್ಕಿತು. ಪ್ರತಿಯೊಬ್ಬರಲ್ಲೂ ಒಂದು ಸಲಹೆ ಸಿದ್ಧವಿತ್ತು. ಒಬ್ಬರು ಆಸ್ಟ್ರಿಯಾದ ಹೆಸರು ಹೇಳಿದರು. ಅಲ್ಲಿ ಸೈಕಲ್ಲನ್ನೂ ಸವಾರನನ್ನೂ ತಂತಿಯ ತೊಟ್ಟಿಲಿನಲ್ಲಿ ಶಿಖರಕ್ಕೆ ಕೊಂಡೊಯ್ದು ಬಿಡುತ್ತಾರಂತೆ, ಕೆಳಗೆ ಜಾರಿದರೆ ಸಾಕು. ಹತ್ತದೆ ಇಳಿಯುವುದರಲ್ಲಿ ನನಗೆ ಆಸಕ್ತಿಯಿರಲಿಲ್ಲ. ಇನ್ನೊಬ್ಬರು ದಕ್ಷಿಣ ಸ್ಪೇನ್ ಎಂದರು. ಅದರ ಚಿತ್ರಗಳನ್ನು ನೋಡಿದ ವಾಲ್ಟರ್, “ಒಣ ಬೆಟ್ಟ, ಕಲ್ಲು, ಮುಳ್ಳು. ಇಲ್ಲೇ ಹತ್ತಿರದ ತಾಯಿಫ್ ಬೆಟ್ಟ ನೋಡ್ಲಿಕ್ಕೆ ವಿಮಾನ ಹತ್ತಬೇಕಾ?” ಎಂದು ಕೇಳಿದರು. ಸ್ಕಾಟ್ಲೆಂಡಿಗೆ ಪ್ರತ್ಯೇಕ ವೀಸಾ ಬೇಕಾಗಿತ್ತು.

ನನಗೆ ಬೇಕಾಗಿದ್ದುದನ್ನು ಸೈಕಲ್ಲಿನವರು ಕ್ರಾಸ್ ಕಂಟ್ರಿ ಎನ್ನುತ್ತಾರೆ. ಕಾಡುದಾರಿ, ಕಾಲುದಾರಿ, ದನದ ದಾರಿ ಹಿಡಿದು ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದು. ಏರನ್ನು ನಮ್ಮ ಕಾಲಿನಿಂದಲೇ ಏರಿ, ಇಳಿತವನ್ನು ಅದರ ಪ್ರತಿಫಲವಾಗಿ ಪಡೆಯುವುದು. ಹಿಂದಿನ ರಾತ್ರಿಯ ಹಾಸಿಗೆಗೆ ಮರಳದಿರುವುದು. ಹುಡುಕುತ್ತ ಹೋದಂತೆ ಆಲ್ಪ್ಸ್ ಪರ್ವತದ ಪೂರ್ವದ ತುದಿಯಲ್ಲಿ ಸ್ಲೊವೇನಿಯಾ ಸಿಕ್ಕಿತು. ಅಂಥದೇ ದಾರಿ, ಅಂಥವೇ ಪುಟ್ಟ ಊರುಗಳು. ಬೆಂಚಿನಲ್ಲಿ ಆ ಹೆಸರು ಹೇಳಿದಾಗ ಮೊದಲ ಬಾರಿಗೆ ಎಲ್ಲರೂ ಮೌನವಾದರು. ಯಾರಿಗೂ ಅಭಿಪ್ರಾಯವಿಲ್ಲದ ದೇಶ! ನಾನು ಆ ಕ್ಷಣದಲ್ಲೇ ಅದನ್ನು ಆರಿಸಿದೆ.

ಇದು ಹುಡುಗಾಟಿಕೆಯೆಂದು ಓದುಗರಿಗೆ ಅನಿಸಬಹುದು. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಮೊದಲಿಗರಾದವರಿಗೆ ಎಲ್ಲರೂ ಸೇರಿ ಆರಿಸಿ ಕೊಡುತ್ತಾರೆ. ಕಾಲೇಜಿಗೆ ಸೇರುವಾಗ ಭೌತಶಾಸ್ತ್ರ ಬೇಕೆಂದಿದ್ದೆ. “ನಿನಗೆ ಆಗುವಂಥದ್ದು ತೆಗೆದುಕೊ ಮಗಾ” ಎಂದು ಹಿತೈಷಿಗಳು ವಾಣಿಜ್ಯ ಕೊಡಿಸಿದರು. ಉದ್ಯೋಗ, ನಗರ, ಸೀರೆಯ ಅಂಚು ಎಲ್ಲದರಲ್ಲೂ ‘ನಿನಗೆ ಆಗುವಂಥದ್ದು’ ನನಗಿಂತ ಮೊದಲೇ ಬಂದು ಕುಳಿತಿರುತ್ತಿತ್ತು. ಅವರೆಲ್ಲರೂ ಒಳ್ಳೆಯವರು. ಅದೇ ಕಷ್ಟ.

ವರ್ಷದ ರಜೆಯೆಂದರೆ ಊರು, ಊರೆಂದರೆ ಹಗ್ಗ ಬಿಗಿದ ಪೆಟ್ಟಿಗೆಗಳು ಎಂಬುದು ಇಲ್ಲಿನ ಅಲಿಖಿತ ನಿಯಮ. ಶಿರ್ವದಿಂದ ಅತ್ತೆ ಫೋನಿನಲ್ಲಿ, “ಬೆಟ್ಟ ನೋಡ್ಲಿಕ್ಕೆ ಕಾರ್ಕಳದಲ್ಲಿ ಇಲ್ವಾ?” ಎಂದು ಕೇಳಿದರು. ಕ್ರಿಸ್ಮಸ್ಸಿಗೆ ಖಂಡಿತ ಬರುತ್ತೇವೆಂದು ಮಾತು ಕೊಟ್ಟೆ. ಹನೀಫ್ ಭಾಯ್ ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಪ್ರತಿದಿನ ನಮ್ಮ ಚೀಲಗಳನ್ನು ಮುಂದಿನ ಊರಿಗೆ ಸಾಗಿಸಲು ಒಂದು ವ್ಯಾನ್ ಇರುತ್ತದೆಂದು ವಿವರಿಸುವ ತಪ್ಪು ಮಾಡಿದ್ದೆ.

“ವ್ಯಾನು ಉಂಟಾ?” ಅವರ ಕಣ್ಣು ಹೊಳೆಯಿತು. “ಹಾಗಾದ್ರೆ ಕೇಳಿ ಮೇಡಂ, ಬೆಟ್ಟ ಹತ್ತುವುದು ವ್ಯಾನು. ನೀವು ಒಳಗೆ ಕೂತು ಬಿಸ್ಕೀಟು ತಿಂತಿರ್ತೀರಿ. ಇಲ್ಲದಿದ್ರೆ ನನ್ನ ಮೀಸೆ ಬೋಳಿಸಿ.”

“ನಿಮಗೆ ಮೀಸೆಯೇ ಇಲ್ಲವಲ್ಲ ಭಾಯ್.”

“ಅದಕ್ಕೇ ಧೈರ್ಯದಲ್ಲಿ ಹೇಳುದು.”

ಎಲ್ಲರೊಂದಿಗೆ ನಾನೂ ನಕ್ಕೆ. ಆದರೆ ಆ ದಿನವೇ ನಿಶ್ಚಯಿಸಿದೆ: ಏನೇ ಆಗಲಿ, ವ್ಯಾನಿನಲ್ಲಿ ಕುಳಿತುಕೊಳ್ಳುವುದಿಲ್ಲ.

ತಾಯಿಫ್: ಅಭ್ಯಾಸ

ಜಿದ್ದಾದಲ್ಲಿ ಏರು ಎಂದರೆ ಮೇಲ್ಸೇತುವೆ. ಆದ್ದರಿಂದ ಅಭ್ಯಾಸಕ್ಕಾಗಿ ಶುಕ್ರವಾರಗಳಂದು ತಾಯಿಫ್‌ನ ಹದಾ ಬೆಟ್ಟಕ್ಕೆ ಹೋದೆವು. ಹನೀಫ್ ಭಾಯ್ ಮಕ್ಕಾದ ಮೂಲಕ ನೇರವಾಗಿ ಹೋಗುತ್ತಿದ್ದರು, ಮಕ್ಕಾದೊಳಗೆ ಪ್ರವೇಶವಿಲ್ಲದ ಕ್ರೈಸ್ತರಾದ ನಾವು ಹೊರಬಳಸಿನ ರಸ್ತೆಯಲ್ಲಿ ಸುತ್ತಿ ತಲುಪುವಷ್ಟರಲ್ಲಿ ಅವರು ಚಹಾ ಕಾಯಿಸಿಟ್ಟು, “ಯಲ್ಲಾ, ಯಲ್ಲಾ, ಬೇಗ ಬನ್ನಿ, ಯುರೋಪಿನವರು ಬಂದ್ರು!” ಎಂದು ಕೂಗುತ್ತಿದ್ದರು. ಅಲ್ಲಿನ ಜಾಲಿಮುಳ್ಳು ಟೈರನ್ನು ಹೊಲಿಗೆ ಹಾಕಿದಂತೆ ಚುಚ್ಚುತ್ತದೆ. ಬೆಟ್ಟದ ದೊಡ್ಡ ಮಂಗಗಳು ವಾಲ್ಟರ್ ಅವರ ಬೆನ್ನಚೀಲದಿಂದ ಬಾಳೆಹಣ್ಣನ್ನು ಮಾತ್ರ ಆರಿಸಿ ತೆಗೆದು, ಶಕ್ತಿವರ್ಧಕ ಬಿಸ್ಕೀಟನ್ನು ಮೂಸಿ ಎಸೆದವು. ಮಂಗಗಳೂ ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳುತ್ತವೆ ಎಂದು ನಾನು ಹೇಳಿದ್ದಕ್ಕೆ ವಾಲ್ಟರ್ ನಗಲಿಲ್ಲ.

ಬೋಹಿನ್ ಕಣಿವೆ: ಭಾನುವಾರ

ಸೆಪ್ಟೆಂಬರಿನ ಒಂದು ಶನಿವಾರ ಇಸ್ತಾಂಬುಲ್ ಮಾರ್ಗವಾಗಿ ಸ್ಲೊವೇನಿಯಾ ತಲುಪಿದೆವು. ಬೋಹಿನ್ ಕಣಿವೆಯ ಒಂದು ಸಣ್ಣ ಹಳ್ಳಿಯಲ್ಲಿ ನಮ್ಮ ಮೊದಲ ತಂಗುಮನೆ. ಅದರ ಒಡತಿ ಮಾರಿಯಾ, ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಸಾಮಾನು ಸಾಗಿಸುವ ವ್ಯಾನ್ ಕೂಡ ಅವರದೇ, ಓಡಿಸುವವರೂ ಅವರೇ. ನಾವು ಊರಿನ ಶಿಷ್ಟಾಚಾರದಂತೆ ಪಾದರಕ್ಷೆಗಳನ್ನು ಬಾಗಿಲಲ್ಲಿ ಬಿಟ್ಟು ಬರಿಗಾಲಿನಲ್ಲಿ ಒಳಗೆ ಹೋದೆವು. ಮಾರಿಯಾ ಗಾಬರಿಯಾಗಿ ಇಬ್ಬರಿಗೂ ಉಣ್ಣೆಯ ಚಪ್ಪಲಿ ತಂದುಕೊಟ್ಟರು. ಬರಿಗಾಲಿನಲ್ಲಿ ನೆಲ ತುಳಿದರೆ ಥಂಡಿ ಮೂತ್ರಪಿಂಡಕ್ಕೆ ಏರುತ್ತದಂತೆ. ನಮ್ಮಲ್ಲಿ ಮನೆಯೊಳಗೆ ಚಪ್ಪಲಿ ಹಾಕಿದರೆ ಬೈಗುಳ, ಅಲ್ಲಿ ಹಾಕದಿದ್ದರೆ.

ನನ್ನ ಯೋಜನೆ ಹೀಗಿತ್ತು: ಭಾನುವಾರ ಸೈಕಲ್ಲುಗಳನ್ನು ಹಳ್ಳಿಯ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ, ದಾರಿಯ ತಿನಿಸು ಕೊಳ್ಳುವುದು, ಸೋಮವಾರ ಬೆಳಿಗ್ಗೆ ಘಟ್ಟ ದಾಟಿ ಆಚೆಯ ಕಣಿವೆಗೆ ಇಳಿಯುವುದು. ವಿಮಾನದಲ್ಲಿ ತಂದ ಸೈಕಲ್ ಪೆಟ್ಟಿಗೆಗಳನ್ನು ತೆರೆದಾಗ ವಾಲ್ಟರ್ ಅವರ ಸೈಕಲ್ ಕ್ಷೇಮವಾಗಿತ್ತು. ನನ್ನದರಲ್ಲಿ, ಹಿಂದಿನ ಚಕ್ರದ ಬಳಿ ಗೇರಿನ ಯಂತ್ರವನ್ನು ಚೌಕಟ್ಟಿಗೆ ಹಿಡಿದಿಡುವ ಬೆರಳುದ್ದದ ಅಲ್ಯುಮಿನಿಯಂ ತುಂಡು ಒಳಕ್ಕೆ ಬಾಗಿತ್ತು. ಅದನ್ನು ಹ್ಯಾಂಗರ್ ಎನ್ನುತ್ತಾರೆ. ಒಂದೊಂದು ಸೈಕಲ್ಲಿಗೆ ಒಂದೊಂದು ಬಗೆ.

“ಚಿಂತೆಯಿಲ್ಲ, ಅಂಗಡಿಯಿದೆ,” ಎಂದೆ.

ಅಂಗಡಿ ಮುಚ್ಚಿತ್ತು. ಪಕ್ಕದ ದಿನಸಿ ಅಂಗಡಿ ಮುಚ್ಚಿತ್ತು. ಬ್ರೆಡ್ಡಿನ ಅಂಗಡಿಯೂ ಮುಚ್ಚಿತ್ತು. ಬೀದಿಯಲ್ಲಿ ಒಂದು ಬೆಕ್ಕಿನ ಹೊರತು ಯಾರೂ ಇರಲಿಲ್ಲ. ಯಾರಾದರೂ ಗಣ್ಯರು ತೀರಿಕೊಂಡಿರಬಹುದೇ ಎಂದು ನಾನು ಕಳವಳಪಟ್ಟೆ. ಅಷ್ಟರಲ್ಲಿ ಗಂಟೆ ಬಾರಿಸಿತು. ಬೀದಿಯ ತುದಿಯಲ್ಲಿ ಬಿಳಿ ಗೋಪುರವೊಂದಿತ್ತು.

ವಾಲ್ಟರ್ ನನ್ನನ್ನು ನೋಡಿದರು. ನಾನು ವಾಲ್ಟರ್ ಅವರನ್ನು ನೋಡಿದೆ.

“ಲವೀನಾ, ಇವತ್ತು ಎಂತ ವಾರ?”

“ಭಾನುವಾರ.”

“ಭಾನುವಾರ,” ಎಂದು ವಾಲ್ಟರ್ ತಲೆಯಾಡಿಸಿದರು. “ಕ್ರಿಸ್ತಾಂವರ ಹೆಂಗಸು ಕ್ರಿಸ್ತಾಂವರ ದೇಶಕ್ಕೆ ಬಂದು ಭಾನುವಾರ ಅಂಗಡಿ ಹುಡುಕ್ತಾಳೆ! ಅಮ್ಮನಿಗೆ ಗೊತ್ತಾದ್ರೆ ನಿನ್ನ ಕಿವಿಯನ್ನೂ ಆ ಹ್ಯಾಂಗರಿನ ಹಾಗೆ ಮಾಡ್ತಾರೆ.”

ಸೌದಿಯಲ್ಲಿ ಭಾನುವಾರ ವಾರದ ಮೊದಲ ಕೆಲಸದ ದಿನ. ಶುಕ್ರ-ಶನಿವಾರಗಳ ಬಿಡುವು ಮುಗಿಸಿ ನಾವು ಕಚೇರಿಗೆ ಓಡುವ ದಿನ. ಬ್ಯಾಂಕು ತೆರೆಯುವ, ಹಡಗಿನ ಕಾಗದಗಳು ರಾಶಿ ಬೀಳುವ ದಿನ. ಇಷ್ಟು ವರ್ಷ ಅಲ್ಲಿ ದುಡಿದ ನನ್ನ ಮನಸ್ಸು ಬಾಲ್ಯದ ಭಾನುವಾರವನ್ನು ಅಳಿಸಿ ಇನ್ನೊಂದನ್ನು ಬರೆದುಕೊಂಡಿತ್ತು. ಯೋಜನೆಯನ್ನು ಅಷ್ಟು ಬಾರಿ ಪರಿಶೀಲಿಸಿದ್ದೆ. ವಿಮಾನದ ಸಮಯ, ಹವಾಮಾನ, ಏರು ಎಷ್ಟು ಕಡಿದು ಎಂಬುದು, ಎಲ್ಲವೂ ಸರಿಯಿದ್ದವು. ವಾರ ಒಂದನ್ನು ಬಿಟ್ಟು.

ಸೈಕಲ್ ಅಂಗಡಿಯ ಯಾನೆಜ್ ಇಗರ್ಜಿಯ ಗಾಯನ ತಂಡದಲ್ಲಿ ಹಾಡುತ್ತಾರೆ, ಅಲ್ಲೇ ಸಿಗುತ್ತಾರೆ ಎಂದು ಮಾರಿಯಾ ತಿಳಿಸಿದರು. ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆವು. ಭಾಷೆ ಒಂದಕ್ಷರ ಅರ್ಥವಾಗದಿದ್ದರೂ ಎಲ್ಲಿ ಏಳಬೇಕು, ಎಲ್ಲಿ ಮಂಡಿಯೂರಬೇಕು ಎಂಬುದು ನಮ್ಮ ಮೊಣಕಾಲುಗಳಿಗೆ ತಿಳಿದಿತ್ತು. ಸೈಕಲ್ಲಿನ ಚಡ್ಡಿಯಲ್ಲಿ ಪೂಜೆಗೆ ಕುಳಿತದ್ದು ಮಾತ್ರ ನನ್ನ ಜೀವಮಾನದಲ್ಲಿ ಅದೇ ಮೊದಲು. ಮುಂದಿನ ಸಾಲಿನ ಅಜ್ಜಿಯೊಬ್ಬರು ತಿರುಗಿ ನನ್ನ ಕಾಲುಗಳನ್ನು ನೋಡಿ, ಮತ್ತೆ ಪ್ರಾರ್ಥನೆಗೆ ಮರಳಿದರು. ಆ ಪ್ರಾರ್ಥನೆಯಲ್ಲಿ ನಾನೂ ಸೇರಿದ್ದೆನೆಂದು ನನ್ನ ಊಹೆ.

ಪೂಜೆ ಮುಗಿದ ಮೇಲೆ ಯಾನೆಜ್ ಅಂಗಳದಲ್ಲಿ ಸಿಕ್ಕರು. ಕಪ್ಪು ಕೋಟು, ತುಂಬಿದ ಕೆನ್ನೆ. ನನ್ನ ಫೋನಿನಲ್ಲಿದ್ದ ಚಿತ್ರ ನೋಡಿ ತುಟಿ ಮುಂದೆ ಚಾಚಿ, ಇಂಗ್ಲಿಷಿನಲ್ಲಿ ಹೇಳಿದರು.

“ಈ ಹ್ಯಾಂಗರ್ ನನ್ನಲ್ಲಿಲ್ಲ. ರಾಜಧಾನಿಯಿಂದ ತರಿಸಬೇಕು. ಇಂದು ಅಲ್ಲೂ ಭಾನುವಾರ. ಮಂಗಳವಾರ ಬರಬಹುದು.”

“ನಾಳೆ ನಾವು ಘಟ್ಟ ಹತ್ತಬೇಕು. ಮುಂದಿನ ಊರುಗಳಲ್ಲೆಲ್ಲ ಕೋಣೆ ಕಾದಿರಿಸಿದ್ದೇವೆ.”

“ಹಾಗಾದರೆ ಮಾರಿಯಾಳ ವ್ಯಾನ್. ಒಳ್ಳೆಯ ವ್ಯಾನ್.” ಅವರು ನನ್ನ ಭುಜ ತಟ್ಟಿದರು. “ನಾಚಿಕೆಪಡುವಂಥದ್ದೇನಿಲ್ಲ. ಬಿಸಿಲಿನ ದೇಶದವರಿಗೆ ಆ ಘಟ್ಟ ಹೇಗಿದ್ದರೂ ಹೆಚ್ಚಾಯಿತು. ನದಿಯ ಪಕ್ಕದ ದಾರಿ ನಿಮಗೆ ಆಗುತ್ತದೆ. ಸಮತಟ್ಟು, ಸುಂದರ.”

ನನಗೆ ಆಗುವಂಥದ್ದು ನನಗಿಂತ ಮೊದಲೇ ಬೋಹಿನ್ ಕಣಿವೆಗೂ ತಲುಪಿತ್ತು. ನಾನು ವಂದನೆ ಹೇಳಿ ತಂಗುಮನೆಗೆ ನಡೆದೆ. ಅಷ್ಟು ವೇಗವಾಗಿ ನಡೆದೆನೆಂದರೆ ವಾಲ್ಟರ್ ಓಡಬೇಕಾಯಿತು.

ಅಂಗಳದಲ್ಲಿ ವಾಲ್ಟರ್ ಹ್ಯಾಂಗರನ್ನು ಎರಡೂ ಬದಿಯಿಂದ ನೋಡಿ, “ಮೆಲ್ಲ ಮೆಲ್ಲ ನೇರ ಮಾಡುವ. ಇಷ್ಟೇ ಅಲ್ವಾ?” ಎಂದರು.

“ಮುಟ್ಟಬೇಡ. ಅಲ್ಯುಮಿನಿಯಂ. ತುಂಡಾಗುತ್ತದೆ.”

“ರಾಬಿಗಿನಲ್ಲಿ ದಿನಾ ಇದೇ ಕೆಲಸ ನಂದು. ನನಗೆ ಕಲಿಸ್ತೀಯಾ?”

ಟಕ್ ಎಂಬ ಸದ್ದು ಬಂತು. ಗೇರಿನ ಯಂತ್ರ ಚೈನಿನ ಮೇಲೆ ಸತ್ತ ಹಕ್ಕಿಯಂತೆ ತೂಗಾಡಿತು. ವಾಲ್ಟರ್ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನಿಂತರು. ಅದನ್ನು ತಿರುಗಿಸಿ ನೋಡಿ, “ಈಗ ನೇರ ಉಂಟು,” ಎಂದರು.

ನಗಬೇಕೋ ಅಳಬೇಕೋ ತಿಳಿಯದೆ ನಾನು ಚೀಲದಿಂದ ಚೈನಿನ ಪಿನ್ನು ತೆಗೆಯುವ ಉಪಕರಣ ಹುಡುಕಿದೆ. ತಾಯಿಫ್‌ನಲ್ಲಿ ಗುಂಪಿನ ಒಬ್ಬರಿಗೆ ಇದೇ ಗತಿಯಾದಾಗ ಮಾಡಿದ್ದ ಉಪಾಯ ನೆನಪಿತ್ತು. ಗೇರಿನ ಯಂತ್ರವನ್ನು ಪೂರ್ತಿಯಾಗಿ ಕಳಚಿಟ್ಟು, ಚೈನನ್ನು ಗಿಡ್ಡ ಮಾಡಿ, ಹಿಂದಿನ ಒಂದೇ ಹಲ್ಲುಚಕ್ರಕ್ಕೆ ಬಿಗಿಯಾಗಿ ಕೂರಿಸುವುದು. ಆಮೇಲೆ ಗೇರು ಬದಲಿಸುವಂತಿಲ್ಲ, ಒಂದೇ ಗೇರು. ಏರಿಗೆ ಅನುಕೂಲವಾದ ಹಗುರ ಗೇರನ್ನೇ ಆರಿಸಿದೆ. ಎರಡು ಬಾರಿ ತಪ್ಪಿತು, ಬೆರಳು ಕೊಯ್ದುಕೊಂಡೆ, ಮೂರನೆಯ ಬಾರಿ ನಿಂತಿತು.

“ನಮ್ಮೂರಿನ ಮೀನಿನ ಸೈಕಲ್ ಆಯ್ತಲ್ಲ ಇದು,” ಎಂದರು ವಾಲ್ಟರ್. “ಒಂದು ಪೊಂಪೊಂ ಹಾರ್ನು, ಒಂದು ಬಂಗುಡೆ ಬುಟ್ಟಿ. ಬೇರೆಂತ ಬೇಡ.”

“ಆ ಸೈಕಲ್ ಹತ್ತದ ಏರು ಶಿರ್ವದಲ್ಲಿ ಯಾವುದಿದೆ ಹೇಳು?”

ವಾಲ್ಟರ್ ಉಪಕರಣಗಳನ್ನು ಚೀಲಕ್ಕೆ ತುಂಬಿದರು. ಮಾರಿಯಾ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದರು. ಹುಳಿ ಹಿಡಿಸಿದ ಎಲೆಕೋಸು ಮತ್ತು ಬೀನ್ಸ್ ಹಾಕಿದ ಸಾರನ್ನು ನಮ್ಮ ಮುಂದಿಟ್ಟು, “ನಾಳೆ ವ್ಯಾನಿನಲ್ಲಿ ಎರಡು ಸೀಟು ಖಾಲಿಯಿವೆ,” ಎಂದರು. ಸಾರು ರುಚಿಯಾಗಿತ್ತು. ನಾನು ಸಾರಿನ ಬಗ್ಗೆ ಮಾತ್ರ ಉತ್ತರಿಸಿದೆ.

ಘಟ್ಟದ ದಾರಿ: ಸೋಮವಾರ

ಹಗುರ ಗೇರಿನ ಸೈಕಲ್ಲಿನಲ್ಲಿ ಸಮತಟ್ಟು ರಸ್ತೆ ಸವೆಸುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಹೊಳೆಯ ದಂಡೆಯಲ್ಲಿ ನನ್ನ ಕಾಲುಗಳು ಹೊಲಿಗೆ ಯಂತ್ರದ ಸೂಜಿಯಂತೆ ಓಡುತ್ತಿದ್ದವು. ಸೈಕಲ್ ಮಾತ್ರ ನಡೆಯುವವರ ವೇಗದಲ್ಲಿತ್ತು. ಬಿಳಿ ಕೂದಲಿನ ಜರ್ಮನ್ ದಂಪತಿ ಬ್ಯಾಟರಿ ಸೈಕಲ್ಲಿನಲ್ಲಿ ಸದ್ದಿಲ್ಲದೆ ನಮ್ಮನ್ನು ದಾಟುತ್ತ, ಮಗುವಿಗೆ ಹೇಳುವಂತೆ “ಗುಟ್! ಗುಟ್!” ಎಂದು ಹುರಿದುಂಬಿಸಿದರು. ಎದುರಾದ ನಡಿಗೆಯವರೆಲ್ಲರೂ “ದೋಬೆರ್ ದಾನ್” ಎಂದು ವಂದಿಸುತ್ತಾರೆ. ಪರಿಚಯವಿರಬೇಕಾಗಿಲ್ಲ, ಬೆಟ್ಟದಲ್ಲಿ ವಂದಿಸದವರು ಅಸಭ್ಯರು. ನಾನು ಏದುಸಿರಿನಲ್ಲೂ ಪ್ರತಿಯೊಬ್ಬರಿಗೂ ಪೂರ್ತಿಯಾಗಿ ಉತ್ತರಿಸಿದೆ. ವಾಲ್ಟರ್ ಮೂರನೆಯವರ ನಂತರ ಬರೀ ತಲೆಯಾಡಿಸುತ್ತಿದ್ದರು.

ಏರು ಆರಂಭವಾದ ಮೇಲೆ ಲೆಕ್ಕ ತಿರುಗಿತು. ಬೀಚ್ ಎಂಬ ಎತ್ತರದ ಮರಗಳ ನಡುವಿನ ಕಾಡುದಾರಿಯಲ್ಲಿ ಆ ಒಂದು ಗೇರು ಸರಿಯಾಗಿ ಕೂತಿತು. ತೀರಾ ಕಡಿದಾದಲ್ಲಿ ಇಳಿದು ತಳ್ಳಿದೆ. ತಳ್ಳುವುದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಹತ್ತುವುದು ನನ್ನ ಕಾಲು, ಚಕ್ರವಲ್ಲ. ನೆಲ ಒದ್ದೆ, ಮರದ ಬೇರುಗಳು ಎಣ್ಣೆ ಸವರಿದಂತೆ ಜಾರುತ್ತಿದ್ದವು. ಸೌದಿಯ ಒಣ ನೆಲದಲ್ಲಿ ಕಲಿತ ಸವಾರಿಯ ಯಾವ ವಿದ್ಯೆಯೂ ಅಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ಅಣಬೆ ಹೆಕ್ಕುತ್ತಿದ್ದ ಮುದುಕರೊಬ್ಬರು ನನ್ನ ಸೈಕಲ್ಲಿನ ಹಿಂಚಕ್ರವನ್ನು ಬಗ್ಗಿ ನೋಡಿ, ಗೇರಿನ ಯಂತ್ರ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದರು. ಬೆನ್ನಚೀಲವನ್ನು ತೋರಿಸಿದೆ. ಅವರು ತಮ್ಮ ಹಣೆಯನ್ನು ಬೆರಳಿನಿಂದ ತಟ್ಟಿಕೊಂಡರು. ಆ ಸನ್ನೆಗೆ ಅನುವಾದ ಬೇಕಾಗಲಿಲ್ಲ.

ಕಾಡುದಾರಿ ಒಂದು ಕಡೆ ಮೋಟಾರು ರಸ್ತೆಯನ್ನು ಸಂಧಿಸುತ್ತದೆ. ಅಲ್ಲಿಂದ ಮೇಲಕ್ಕೆ ಬರೀ ಕಾಲುದಾರಿ. ನಾವು ತಲುಪಿದಾಗ ಹೊತ್ತು ಮಧ್ಯಾಹ್ನ ಮೀರಿತ್ತು, ಮಂಜು ಇಳಿದಿತ್ತು. ಮಂಜಿನಲ್ಲಿ ಎರಡು ದೀಪಗಳು ಕಾಣಿಸಿದವು. ಮಾರಿಯಾ ವ್ಯಾನಿನ ಬಾಗಿಲು ತೆರೆದಿಟ್ಟುಕೊಂಡು ನಿಂತಿದ್ದರು.

“ಸಾಕು. ಬನ್ನಿ, ಕೂತುಕೊಳ್ಳಿ,” ಎಂದರು. “ಇನ್ನು ಮೇಲೆ ದಾರಿ ಕೆಟ್ಟದ್ದು. ಆಚೆಯ ಊರಿನಲ್ಲಿ ಅಡುಗೆಮನೆ ಬೇಗ ಮುಚ್ಚುತ್ತಾರೆ.”

“ಈ ದಾರಿ ಅಪಾಯಕಾರಿಯೇ?” ಎಂದು ಕೇಳಿದೆ.

ಮಾರಿಯಾ ಯೋಚಿಸಿದರು. ಸುಳ್ಳು ಹೇಳುವವರಲ್ಲ ಅವರು. “ಅಪಾಯ ಅಲ್ಲ. ಗುರುತುಗಳಿವೆ. ಕಷ್ಟ.”

“ಹಾಗಾದರೆ ನಾನು ಬರುವುದಿಲ್ಲ.”

ವ್ಯಾನಿನೊಳಗಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ವಾಲ್ಟರ್ ಆ ಗಾಳಿಯ ಕಡೆಗೆ ಅರ್ಧ ತಿರುಗಿ ನಿಂತಿದ್ದರು. “ಮಾರಾಯ್ತಿ, ನಿನಗೆ ಹಠ. ನನಗೆ ಮೊಣಕಾಲು ನೋವು. ಒಂದು ಘಟ್ಟ ಬಿಟ್ರೆ ಎಂತ ಆಗ್ತದೆ? ನಾಳೆಯಿಂದ ತುಳಿಯುವ.”

“ನಿನಗೆ ನೋವಿದ್ದರೆ ನೀನು ಹೋಗು ವಾಲ್ಟರ್. ಕೋಪದಿಂದ ಹೇಳುತ್ತಿಲ್ಲ. ನಾನು ಗುರುತು ನೋಡಿಕೊಂಡು ಬರುತ್ತೇನೆ.”

ನಿಜಕ್ಕೂ ಕೋಪವಿರಲಿಲ್ಲ. ಇಡೀ ವರ್ಷ ಎಲ್ಲರಿಗೂ ಕಾರಣ ಕೊಟ್ಟು ಕೊಟ್ಟು ದಣಿದಿದ್ದೆ. ಇಲ್ಲಿ ಕೊಡಲು ಕಾರಣವೇ ಉಳಿದಿರಲಿಲ್ಲ. ಒಂದು ಘಟ್ಟ ಬಿಟ್ಟರೆ ಏನೂ ಆಗುವುದಿಲ್ಲ, ಅದು ನನಗೂ ಗೊತ್ತು. ಏನೂ ಆಗದಂತೆಯೇ ಎಷ್ಟನ್ನು ಬಿಟ್ಟಿಲ್ಲ? ಭೌತಶಾಸ್ತ್ರ ಬಿಟ್ಟಾಗಲೂ ಏನೂ ಆಗಲಿಲ್ಲ. ಸಂಬಳ ಬರುತ್ತಿದೆ, ಮನೆ ನಡೆಯುತ್ತಿದೆ.

ವಾಲ್ಟರ್ ತಮ್ಮ ಬೆನ್ನಚೀಲವನ್ನು ವ್ಯಾನಿನ ಸೀಟಿನ ಮೇಲೆ ಇಟ್ಟರು. ನಾನು ಸೈಕಲ್ ತಿರುಗಿಸಿದೆ. ಹಿಂದಿನಿಂದ ಬಾಗಿಲು ದಡ್ ಎಂದು ಮುಚ್ಚಿತು, ವ್ಯಾನು ಹೊರಟ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು ಸೈಕಲ್ಲಿನ ಟೈರು ಜಲ್ಲಿಯ ಮೇಲೆ ಉರುಳುವ ಸದ್ದು.

“ಚೀಲ ಮಾತ್ರ ಕಳಿಸಿದೆ,” ಎಂದರು ವಾಲ್ಟರ್. “ಆ ಹೆಂಗಸು ಹೋಗ್ತಾ ನನಗೆ ಅವಳ ಭಾಷೆಯಲ್ಲಿ ಎಂತದೋ ಬೈದಳು. ಎಂತ ಅಂತ ಅರ್ಥ ಆಗ್ಲಿಲ್ಲ. ಆದ್ರೆ ನಿನಗೆ ಬೈಯಬೇಕಾದ್ದನ್ನು ನನಗೆ ಬೈದದ್ದು, ಅಷ್ಟು ಗೊತ್ತಾಯ್ತು.”

ಘಟ್ಟದ ನೆತ್ತಿಯಲ್ಲಿ ನೋಟವೇನೂ ಇರಲಿಲ್ಲ. ಮಂಜು, ಒಂದು ಮರದ ಕಂಬ, ಅದರ ಮೇಲೆ ಕೆಂಪು-ಬಿಳಿ ಗುರುತು. ಫೋಟೊ ತೆಗೆದರೆ ಬಿಳಿ ಗೋಡೆಯ ಮುಂದೆ ನಿಂತ ಇಬ್ಬರು ಒದ್ದೆ ಮನುಷ್ಯರಷ್ಟೇ ಕಾಣುತ್ತಿದ್ದರು. ತೆಗೆಯಲಿಲ್ಲ.

ಆಚೆಯ ಊರು: ಅದೇ ಸಂಜೆ

ಇಳಿತದಲ್ಲಿ ಗೇರಿನ ಅಗತ್ಯವಿಲ್ಲ, ಬ್ರೇಕಿನದು ಮಾತ್ರ. ಬೇರುಗಳ ಮೇಲೆ ಎರಡು ಬಾರಿ ಬಿದ್ದೆ. ಎರಡನೆಯ ಬಾರಿ ಬಿದ್ದಲ್ಲೇ ಸ್ವಲ್ಪ ಹೊತ್ತು ಮಲಗಿದ್ದು ಮರಗಳ ತುದಿ ನೋಡಿದೆ. ವಾಲ್ಟರ್ ಗಾಬರಿಯಿಂದ, “ಪೆಟ್ಟಾಯ್ತಾ?” ಎಂದು ಕೇಳಿದರು. “ಇಲ್ಲ, ಚೆನ್ನಾಗಿದೆ” ಎಂದೆ. ಕೆಳಗೆ ಬಂದಂತೆ ಮಂಜು ಚದುರಿತು. ಹ್ಞಾಂ, ಅಲ್ಲಿ ಕಣಿವೆ ಇತ್ತು. ಹಸುವಿನ ಗಂಟೆಗಳು, ಹುಲ್ಲು ಒಣಗಿಸಲು ನಿಲ್ಲಿಸಿದ ಮರದ ಚೌಕಟ್ಟುಗಳು, ಹೊಗೆಯಾಡುವ ಚಿಮಣಿಗಳು. ನಾವು ಬಂದ ದಿಕ್ಕನ್ನು ತಿರುಗಿ ನೋಡಿದಾಗ ಆ ಬೆಟ್ಟವನ್ನು ದಾಟಿದ್ದೇವೆಂದು ನನಗೇ ನಂಬಿಕೆಯಾಗಲಿಲ್ಲ. ಆದ್ದರಿಂದ ಇನ್ನೊಮ್ಮೆ ನೋಡಿದೆ.

ತಂಗುಮನೆಯ ಯಜಮಾನರು ಮೇಜುಗಳ ಮೇಲೆ ಕುರ್ಚಿ ಮಗುಚಿ ಇಡುತ್ತಿದ್ದರು. ನಮ್ಮ ಚೀಲಗಳು ಬಾಗಿಲ ಬಳಿ ಒದ್ದೆಯಾಗದೆ, ಅಚ್ಚುಕಟ್ಟಾಗಿ ಕುಳಿತಿದ್ದವು.

“ನೀವು ಇಂದು ಬರುವುದಿಲ್ಲ ಎಂದುಕೊಂಡೆ,” ಎಂದರು ಅವರು. “ಅಡುಗೆಮನೆ ಮುಚ್ಚಿತು. ಯಾರ ವಾಹನದಲ್ಲಿ ಬಂದಿರಿ?”

ಪರಭಾಷೆಯಲ್ಲಿ ಮಾತನಾಡುವ ಮೊದಲು ನಾನು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ಕ್ರಿಯಾಪದವನ್ನು ಪರೀಕ್ಷಿಸಿ, ಎದುರಿಗೊಂದು ‘ದಯವಿಟ್ಟು’ ಇರಿಸಿಯೇ ಬಾಯಿ ತೆರೆಯುವವಳು. ಆ ಸಂಜೆ ಹಾಗೆ ಮಾಡಲಿಲ್ಲ.

“ವಾಹನದಲ್ಲಿ ಬಂದದ್ದು ಚೀಲಗಳು. ನಾವು ಬೆಟ್ಟ ದಾಟಿ ಬಂದೆವು. ನಮಗೆ ಊಟ ಬೇಕು.”

ಅವರು ನಮ್ಮ ಮೊಣಕಾಲಿನವರೆಗಿನ ಕೆಸರನ್ನು ನೋಡಿದರು. ಆಮೇಲೆ ಒಂದು ಮೇಜಿನಿಂದ ಎರಡು ಕುರ್ಚಿಗಳನ್ನು ಇಳಿಸಿ, ಅಡುಗೆಮನೆಯ ದೀಪ ಹಾಕಿದರು.